ಚಟ್ನಿಪುಡಿಗೆ ತಕ್ಕಡಿ, ಇನ್ಸುಲಿನ್‌ಗೆ ದೇವರೇ ದಿಕ್ಕು

ಪುಣೆಯಿಂದಲೋ ಚೆನ್ನೈಯಿಂದಲೋ ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮನ ಸೂಟ್‌ಕೇಸು ಎಷ್ಟು ಸಲ ತಕ್ಕಡಿ ಏರುತ್ತದೋ ಲೆಕ್ಕವಿಲ್ಲ. 23 ಕಿಲೋ ದಾಟಬಾರದು. ಹಪ್ಪಳ ತೆಗೆದು ಹುಳಿಪುಡಿ ಇಡು, ಹುಳಿಪುಡಿ ತೆಗೆದು ಚಟ್ನಿಪುಡಿ ಇಡು ಎಂದು ಎರಡು ವಾರ ಚರ್ಚೆ ನಡೆಯುತ್ತದೆ. ಅದೇ ಮನೆಯಲ್ಲಿ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಅಮ್ಮನ ಔಷಧಿಯ ಮಾತು ಬರುವುದು ಹೊರಡುವ ಹಿಂದಿನ ದಿನ. ಆರು ತಿಂಗಳ ಮಾತ್ರೆಯನ್ನು ಒಟ್ಟಿಗೆ ತರಲು ಯಾರನ್ನೋ ಮೆಡಿಕಲ್ ಶಾಪಿಗೆ ಓಡಿಸಿದರೆ ಯೋಜನೆ ಮುಗಿಯಿತು.

ಇದನ್ನು ಮರೆವು ಎನ್ನುವುದು ತೀರಾ ಉದಾರದ ಮಾತು. ಇದು ಹೊಣೆಗೇಡಿತನ. ಆ ಹೊಣೆ ರೋಗಿಯದು ಮಾತ್ರವಲ್ಲ. ಟಿಕೆಟ್ ಕಳಿಸಿದ ಮಕ್ಕಳದು, ಎರಡು ನಿಮಿಷದಲ್ಲಿ ಚೀಟಿ ಬರೆದುಕೊಟ್ಟ ಡಾಕ್ಟರದು, ವಿಮೆ ಮಾರಿದ ಏಜೆಂಟನದು.

ಐಸಿಎಂಆರ್ ನೆರವಿನ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ವಿಮಾನ ಹತ್ತುವ ಹಿರಿಯರಲ್ಲಿ ಈ ಕಾಯಿಲೆ ಅಪರೂಪವೇನಲ್ಲ. ಆದರೂ ಇಡೀ ವ್ಯವಸ್ಥೆ ನಡೆದುಕೊಳ್ಳುವುದು ಇದು ಯಾರೋ ಒಬ್ಬರ ಖಾಸಗಿ ತಲೆನೋವು ಎಂಬಂತೆ.

ಅಪಾಯ ಎಲ್ಲಿದೆ ಎಂಬುದನ್ನು ಬಿಡಿಸಿ ನೋಡಬೇಕು. ಭಾರತದಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು. ಅಮೆರಿಕದ ಸಾಮಾನ್ಯ ಬಾಟಲಿಯಲ್ಲಿ ಅಷ್ಟೇ ದ್ರವದಲ್ಲಿ 100 ಯೂನಿಟ್ ಇರುತ್ತದೆ. ಇಲ್ಲಿಂದ ಒಯ್ದ 40ರ ಸಿರಿಂಜಿನಲ್ಲಿ ಅಲ್ಲಿ ಕೊಂಡ ಇನ್ಸುಲಿನ್ ಎಳೆದರೆ, 20 ಎಂದು ತೋರುವ ಗೆರೆಯಲ್ಲಿ ಮೈಗೆ ಹೋಗುವುದು 50 ಯೂನಿಟ್. ಅರವತ್ತೆಂಟು ವರ್ಷದ ಹೆಂಗಸನ್ನು ಪ್ರಜ್ಞೆ ತಪ್ಪಿಸಿ ಬೀಳಿಸಲು ಅಷ್ಟು ಸಾಕು. ಚೀಟಿ ಬರೆದುಕೊಡುವಾಗ ಇದನ್ನು ಬಾಯಿಬಿಟ್ಟು ಹೇಳುವ ಡಾಕ್ಟರು ಎಷ್ಟು ಮಂದಿ?

ಮಾತ್ರೆಗಳ ಕಥೆಯೂ ಅಷ್ಟೇ. ಇಲ್ಲಿ ಬೀದಿಬೀದಿಯ ಅಂಗಡಿಯಲ್ಲಿ ಸಿಗುವ ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್, ವೋಗ್ಲಿಬೋಸ್ ಅಮೆರಿಕದಲ್ಲಿ ಮಾರಾಟಕ್ಕೇ ಇಲ್ಲ. ಮಾತ್ರೆ ಇದ್ದ ಬ್ಯಾಗು ಕಳೆದುಹೋದರೆ ಅಲ್ಲಿನ ಫಾರ್ಮಸಿಯವನು ಚೀಟಿ ನೋಡಿ ತಲೆ ಅಲ್ಲಾಡಿಸುತ್ತಾನೆ, ಅಷ್ಟೇ. ಪಾದದ ಉರಿಗೆಂದು ಹಲವರು ನುಂಗುವ ಪ್ರಿಗ್ಯಾಬಲಿನ್ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ನಿಯಂತ್ರಿತ ಔಷಧಿಗಳ ಪಟ್ಟಿಯಲ್ಲಿದೆ. ಚೀಟಿಯಿಲ್ಲದೆ ಆರು ತಿಂಗಳದ್ದನ್ನು ಡಬ್ಬಿಗೆ ಸುರಿದು ಒಯ್ಯುವವರಿಗೆ ಅದು ಗೊತ್ತೇ ಇರುವುದಿಲ್ಲ. ಲಂಡನ್ನಿನ ಮಗಳ ಮನೆಯ ಮೀಟರಿನಲ್ಲಿ 10 ಎಂದು ಕಂಡರೆ ಅದು ಇಲ್ಲಿನ ಲೆಕ್ಕದ 180. ಗೊತ್ತಿಲ್ಲದವರು ಶುಗರ್ ಪಾತಾಳಕ್ಕೆ ಇಳಿಯಿತೆಂದು ಬೆಲ್ಲ ತಿನ್ನಿಸುತ್ತಾರೆ.

ಇನ್ನು ಇನ್ಸುಲಿನ್ನನ್ನು ಚಟ್ನಿಪುಡಿಯ ಜೊತೆ ಚೆಕ್-ಇನ್ ಸೂಟ್‌ಕೇಸಿಗೆ ಹಾಕುವವರು. ವಿಮಾನದ ಹೊಟ್ಟೆಯ ಚಳಿಯಲ್ಲಿ ಅದು ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ನಂಬಲು ಯೋಗ್ಯವಲ್ಲ. ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಶುಗರ್ 400 ದಾಟಿದಾಗ ಬೈಗುಳ ಬೀಳುವುದು ಅಮ್ಮ ತಿಂದ ಒಂದು ಮೈಸೂರುಪಾಕಿಗೆ.

ವಿಮೆಯದು ಇನ್ನೊಂದು ನಾಟಕ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋದ ವೈದ್ಯಕೀಯ ವಿಮೆ ಕಡ್ಡಾಯ. ಅಮೆರಿಕದ ಪ್ರವಾಸಿ ವೀಸಾಕ್ಕೆ ಆ ಕಡ್ಡಾಯವಿಲ್ಲ. ಅಲ್ಲಿಗೆ ಹೋಗುವವರಲ್ಲಿ ಕೆಲವರು ವಿಮೆಯನ್ನೇ ಕೊಳ್ಳುವುದಿಲ್ಲ, ಕೊಳ್ಳುವವರು ಅತಿ ಅಗ್ಗದ್ದನ್ನು ಹುಡುಕುತ್ತಾರೆ. ಮೊದಲೇ ಇದ್ದ ಕಾಯಿಲೆಗೆ ಹಣ ಸಿಗದು, ಸಿಕ್ಕರೂ ಪ್ರಾಣಾಪಾಯದ ತುರ್ತಿಗೆ ಮಾತ್ರ ಎಂಬ ಸಾಲು ಇಂಥ ಪಾಲಿಸಿಗಳಲ್ಲಿ ಮಾಮೂಲು. ಏಜೆಂಟ್ ಆ ಸಾಲನ್ನು ಓದಿ ಹೇಳುವುದಿಲ್ಲ. ಮಗ ಪ್ರೀಮಿಯಂ ನೋಡಿ ಕ್ಲಿಕ್ ಮಾಡುತ್ತಾನೆ. ಪ್ರೀಮಿಯಂ ಹೆಚ್ಚಾದೀತೆಂದು ಶುಗರ್ ಇಲ್ಲವೆಂದು ಬರೆಯಿಸುವ ಜಾಣರೂ ಇದ್ದಾರೆ. ಸುಳ್ಳು ಹೊರಬಿದ್ದ ದಿನ ಪಾಲಿಸಿ ಬರೀ ಕಾಗದ.

ಯಾರೂ ಬಾಯಿಬಿಡದ ಮಾತೊಂದಿದೆ. ಅನೇಕ ತಾಯಂದಿರು ಹೋಗುವುದು ಪ್ರವಾಸಕ್ಕಲ್ಲ, ಬಾಣಂತನಕ್ಕೆ. ಊಟದ ಹೊತ್ತು ತಪ್ಪುತ್ತದೆ, ರಾತ್ರಿಯ ನಿದ್ದೆ ಮಗುವಿನ ಪಾಲಾಗುತ್ತದೆ, ದಿನವಿಡೀ ನಿಂತೇ ಕೆಲಸ. ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ ಶುಗರ್ 70ಕ್ಕಿಂತ ಕೆಳಗಿಳಿದು ಮೈ ನಡುಗುತ್ತದೆ. ಅಂಥ ಹೊತ್ತಲ್ಲಿ ಮನೆಯಲ್ಲಿರುವುದು ತೊಟ್ಟಿಲ ಮಗು ಮಾತ್ರ. ಮೊಮ್ಮಗುವಿಗಾಗಿ ಮಕ್ಕಳ ಡಾಕ್ಟರನ್ನು ಆರು ತಿಂಗಳ ಮುಂಚೆ ಗೊತ್ತುಮಾಡುವ ಮನೆ, ಅಜ್ಜಿಗೆಂದು ಹತ್ತಿರದ ಕ್ಲಿನಿಕ್ಕಿನ ಹೆಸರನ್ನಾದರೂ ಬರೆದಿಡುವುದಿಲ್ಲ.

ಇದಕ್ಕೆ ಸಿದ್ಧ ಉತ್ತರಗಳಿವೆ. "ನಮ್ಮಪ್ಪ ನಾಲ್ಕು ಸಲ ಹೋಗಿಬಂದರು, ಏನೂ ಆಗಲಿಲ್ಲ" ಎಂಬುದು ಮೊದಲನೆಯದು. ಹೆಲ್ಮೆಟ್ ಹಾಕದೆ ಮನೆ ಮುಟ್ಟಿದವರೂ ಇದನ್ನೇ ಹೇಳುತ್ತಾರೆ. ಹೀಗೆ ಹೆದರಿಸಿದರೆ ಹಿರಿಯರು ಹೊರಡುವುದೇ ಇಲ್ಲ ಎಂಬುದು ಎರಡನೆಯದು. ನಿಜ ತಿರುವುಮುರುವು. ಸಿದ್ಧತೆ ಇದ್ದರೆ ಇನ್ಸುಲಿನ್ ತೆಗೆದುಕೊಳ್ಳುವವರೂ ಧೈರ್ಯವಾಗಿ ಲೋಕ ಸುತ್ತಬಹುದು. ಅವರನ್ನು ಮನೆಯಲ್ಲಿ ಕೂರಿಸುವುದು ಸಿದ್ಧತೆಯಲ್ಲ, ಹೋದಲ್ಲಿ ಒಮ್ಮೆ ತಿಂದ ಪೆಟ್ಟು.

ಬೇಕಾದದ್ದು ದೊಡ್ಡದೇನಲ್ಲ. ಟಿಕೆಟ್ ಕಾಯ್ದಿರಿಸಿದ ವಾರವೇ ಡಾಕ್ಟರ ಭೇಟಿ. ಬ್ರ್ಯಾಂಡ್ ಹೆಸರಲ್ಲ, ಔಷಧಿಯ ಮೂಲ ಹೆಸರು, ಪ್ರಮಾಣ, ಇನ್ಸುಲಿನ್‌ನ ಬಲ, ಇಷ್ಟನ್ನೂ ಟೈಪ್ ಮಾಡಿಸಿದ ಸಹಿಯ ಪತ್ರ. ಪಶ್ಚಿಮಕ್ಕೆ ಹಾರುವಾಗ ದಿನ ಹಿಗ್ಗುತ್ತದೆ, ಮರಳುವಾಗ ಕುಗ್ಗುತ್ತದೆ. ನ್ಯೂಯಾರ್ಕಿಗಾದರೆ ಸುಮಾರು ಹತ್ತು ಗಂಟೆಯ ವ್ಯತ್ಯಾಸ. ಆ ದಿನದ ಡೋಸನ್ನು ಡಾಕ್ಟರೇ ಗಂಟೆಯ ಲೆಕ್ಕದಲ್ಲಿ ಬರೆದುಕೊಡಬೇಕು. ಬೇಕಾದದ್ದಕ್ಕಿಂತ ಹೆಚ್ಚೇ ಇನ್ಸುಲಿನ್, ಸಿರಿಂಜು, ಮೀಟರು, ಗ್ಲೂಕೋಸ್, ಎಲ್ಲವೂ ಕೈಚೀಲದಲ್ಲಿ. ವೈದ್ಯಕೀಯ ಅಗತ್ಯವೆಂದು ತಿಳಿಸಿದರೆ ತಪಾಸಣೆಯವರು ಬಿಡುತ್ತಾರೆ. ಊಟದ ಇನ್ಸುಲಿನ್ ಚುಚ್ಚಿಕೊಳ್ಳುವುದು ತಟ್ಟೆ ಮುಂದೆ ಬಂದ ಮೇಲೆಯೇ. ವಿಮೆಯ ಹೊರತುಪಡಿಕೆಗಳ ಪುಟವನ್ನು ಮಕ್ಕಳೇ ಓದಿ, ಅಪ್ಪ ಅಮ್ಮನಿಗೆ ಕನ್ನಡದಲ್ಲಿ ವಿವರಿಸಬೇಕು.

ಇಷ್ಟಕ್ಕೆ ಎರಡು ಸಂಜೆ ಸಾಕು. ಸೂಟ್‌ಕೇಸಿನ ತೂಕಕ್ಕೆ ಎರಡು ವಾರ ಕೊಡುವ ಕುಟುಂಬ, ಅಮ್ಮನ ಜೀವಕ್ಕೆ ಎರಡು ಸಂಜೆ ಕೊಡಲಾರದೆ ಹೋದರೆ ಸಮಯವಿರಲಿಲ್ಲ ಎಂಬ ನೆಪವನ್ನು ಯಾರೂ ಒಪ್ಪಬೇಕಿಲ್ಲ.