ಮನೆವಾರ್ತೆ: ಮನೆಯೇ ಕಚೇರಿಯಾದವರ ಅಡಿಗೆ ಮತ್ತು ಹವ್ಯಾಸ

ಉದ್ಯೋಗವೆಂದರೆ ಹೊಸಿಲು ದಾಟಿ ಹೋಗಿ ಮಾಡತಕ್ಕದ್ದು, ಗೃಹಕೃತ್ಯವೆಂದರೆ ಹೊಸಿಲಿನೊಳಗೆ ಇದ್ದು ಮಾಡತಕ್ಕದ್ದು ಎಂಬ ಭಾವನೆಯು ನಮ್ಮ ನಗರವಾಸಿಗಳಲ್ಲಿ ಬಹುಕಾಲದಿಂದ ಬೇರೂರಿರುವುದಷ್ಟೆ. ನೇಕಾರರು, ಅಕ್ಕಸಾಲಿಗಳು, ಚಿತ್ರಗಾರರು ಮೊದಲಾದವರಿಗೆ ಈ ಭೇದವು ಎಂದೂ ಇರಲಿಲ್ಲ. ಅವರ ಮಗ್ಗವೂ ಕುಲುಮೆಯೂ ಕುಂಚವೂ ಅಡಿಗೆಯ ಮನೆಯ ಪಕ್ಕದಲ್ಲಿಯೇ ಇದ್ದುವು. ಈಗ ಅವರ ಸಾಲಿಗೆ ಒಂದು ಹೊಸ ವರ್ಗವು ಸೇರಿದೆ. ಯಾವ ಕಚೇರಿಯ ಸಂಬಳಕ್ಕೂ ಒಳಪಡದೆ, ಬಂದ ಕೆಲಸವನ್ನು ಒಪ್ಪಿಕೊಂಡು, ಮನೆಯಲ್ಲಿಯೇ ಕಂಪ್ಯೂಟರಿನ ಮುಂದೆ ಕುಳಿತು ಪುಸ್ತಕದ ಮುಖಪುಟ, ಅಂಗಡಿಯ ಲಾಂಛನ, ಸೀರೆಯ ಅಂಚು, ಮದುವೆಯ ಕರೆಯೋಲೆ ಇವುಗಳ ವಿನ್ಯಾಸವನ್ನು ರಚಿಸಿ ಜೀವನ ನಡೆಸುವ ಡಿಸೈನರುಗಳೇ ಆ ವರ್ಗದವರು. ಇವರಲ್ಲಿ ನಮ್ಮ ಸೋದರಿಯರೂ ಅನೇಕರಿರುವುದರಿಂದ, ಅವರ ಅಡಿಗೆಯನ್ನೂ ಹವ್ಯಾಸವನ್ನೂ ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಹೇಳಲು ಬಯಸುತ್ತೇವೆ.

ಮೈಸೂರಿನ ದಕ್ಷಿಣ ಭಾಗದಲ್ಲಿರುವ ವಿದ್ಯಾರಣ್ಯಪುರಂ ಬಡಾವಣೆಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಸಮೀಪದ ಮಾನಂದವಾಡಿ ರಸ್ತೆಯಲ್ಲಿ, 1912ರಲ್ಲಿ ಮೈಸೂರು ಸಂಸ್ಥಾನದವರು ಸ್ವಿಟ್ಜರ್ಲೆಂಡಿನಿಂದ ಮಗ್ಗಗಳನ್ನು ತರಿಸಿ ಆರಂಭಿಸಿದ ರೇಷ್ಮೆ ನೇಯ್ಗೆಯ ಕಾರ್ಖಾನೆಯಿದೆ. ಮೈಸೂರು ಸಿಲ್ಕ್ ಸೀರೆಯ ತವರುಮನೆ ಇದೇ. ಅಲ್ಲಿ ದುಡಿಯುವವರು ಪಾಳಿ ಮುಗಿದೊಡನೆ ಗೇಟನ್ನು ದಾಟಿ ಹೊರಗೆ ಬರುತ್ತಾರೆ. ಮಗ್ಗವು ಅವರ ಹಿಂದೆ ಮನೆಗೆ ಬರುವುದಿಲ್ಲ. ಕಾರ್ಖಾನೆಯ ಗೇಟು ಒಂದು ವಿಧದಲ್ಲಿ ದುಡಿಯುವವರ ಬಂಧುವೆಂದೇ ಹೇಳಬೇಕು. ಅದೇ ಬಡಾವಣೆಯ ಮನೆಯೊಂದರಲ್ಲಿ ಕುಳಿತು ಸೀರೆಯ ಅಂಚನ್ನು ಚಿತ್ರಿಸುವ ಸೋದರಿಗಾದರೋ ಇಂತಹ ಗೇಟಿಲ್ಲ. ಅವಳ ಮಗ್ಗವು ಮೇಜಿನ ಮೇಲೆಯೂ ಇದೆ, ಮೊಬೈಲಿನ ರೂಪದಿಂದ ಸೆರಗಿನ ಮರೆಯಲ್ಲಿಯೂ ಇದೆ. ಸಮಸ್ಯೆಯ ಮೂಲವೆಲ್ಲ ಇಲ್ಲಿಯೇ ಅಡಗಿದೆ.

ಅವಳ ಒಂದು ದಿನವನ್ನು ಊಹಿಸಿಕೊಳ್ಳಿರಿ. ಬೆಳಿಗ್ಗೆ ತಿಂಡಿ, ಮಕ್ಕಳ ಡಬ್ಬಿ, ಯಜಮಾನರ ಡಬ್ಬಿ ಇವೆಲ್ಲ ಮುಗಿದು ಹತ್ತು ಗಂಟೆಗೆ ಮೇಜಿನ ಮುಂದೆ ಕುಳಿತಳೆನ್ನಿ. “ಏನಮ್ಮ, ಮನೆಯಲ್ಲೇ ಇದ್ದೀಯಲ್ಲ, ಹುಳಿಗೆ ಒಂದಿಷ್ಟು ಕಾಯಿ ತುರಿದುಕೊಡು” ಎಂದು ಅತ್ತೆಯವರ ಕರೆ. ಗ್ಯಾಸಿನವನು ಬಂದರೆ ಇವಳೇ ಏಳಬೇಕು, ಕೊಳಾಯಿಯವನು ಬಂದರೂ ಇವಳೇ. ಮಧ್ಯಾಹ್ನ ಬರಬೇಕಾದ ಗಿರಾಕಿಯ ಒಪ್ಪಿಗೆಯು ರಾತ್ರಿ ಒಂಬತ್ತಕ್ಕೆ ಬಂದು, “ಬೆಳಗಾಗುವುದರೊಳಗೆ ತಿದ್ದಿಕೊಡಿ” ಎಂಬ ಒತ್ತಾಯವು ಜೊತೆಗೆ ಬರುತ್ತದೆ. ಮನೆಯವರಿಗೆ ಅವಳು ದಿನವೆಲ್ಲ ಬಿಡುವಾಗಿರುವವಳು, ಗಿರಾಕಿಗೆ ಅವಳು ರಾತ್ರಿಯೆಲ್ಲ ಎಚ್ಚರವಾಗಿರುವವಳು! ‘ಮನೆಯಲ್ಲಿರುವುದು’ ಎಂಬುದಕ್ಕೂ ‘ಬಿಡುವಾಗಿರುವುದು’ ಎಂಬುದಕ್ಕೂ ಇರುವ ಅಂತರವನ್ನು ಮನೆಯವರು ತಿಳಿಯದ ಹೊರತು ಈ ಕಷ್ಟವು ತಪ್ಪದು.

ಇದು ಕೇವಲ ನಮ್ಮ ಕಲ್ಪನೆಯಲ್ಲ. ಭಾರತ ಸರ್ಕಾರದವರು 2019ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಕಳೆಯುತ್ತಾರೆ. ಅಂತಹ ಕೆಲಸಕ್ಕೆ ಕೈಹಾಕುವ ಪುರುಷರು ಕಳೆಯುವುದು 97 ನಿಮಿಷಗಳನ್ನು ಮಾತ್ರ. ಸುಮಾರು ಐದು ಗಂಟೆಗಳ ಈ ದುಡಿಮೆಯ ಮೇಲೆ ವೃತ್ತಿಯ ದುಡಿಮೆಯನ್ನು ಹೇರಿಕೊಂಡವಳಿಗೆ ಮೊದಲು ಕೈತಪ್ಪುವುದು ನಿದ್ರೆ, ಅನಂತರ ಹವ್ಯಾಸ, ಕೊನೆಗೆ ಅಡಿಗೆಯಲ್ಲಿದ್ದ ಸಂತೋಷ.

ಅಡಿಗೆಯ ಮನೆಯ ಶ್ರಮವನ್ನು ಕಡಿಮೆಮಾಡಲು ವಿನ್ಯಾಸಕಾರರೇ ಹಿಂದೆ ಪ್ರಯತ್ನಪಟ್ಟಿರುವರು. ಆಸ್ಟ್ರಿಯಾ ದೇಶದ ಮಾರ್ಗರೇಟೆ ಶ್ಯೂಟೆ-ಲಿಹೋಟ್ಸ್‌ಕಿ ಎಂಬ ಮಹಿಳೆಯು 1926ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗಾಗಿ, ನಿಂತಲ್ಲಿಯೇ ಎಲ್ಲ ಸಾಮಾನುಗಳೂ ಕೈಗೆಟುಕುವಂತಹ ಪುಟ್ಟ ಅಡಿಗೆಯ ಮನೆಯೊಂದನ್ನು ರಚಿಸಿದಳು. ಇಂದಿನ ನಮ್ಮ ನಗರಗಳ ಅಡಿಗೆಯ ಮನೆಯ ಕಟ್ಟೆ, ಕಪಾಟುಗಳ ಜೋಡಣೆಗೆ ಅದೇ ಮೂಲವೆನ್ನಬಹುದು. ನಡೆದಾಟವೇನೋ ತಗ್ಗಿತು. ಆದರೆ ಅದರಲ್ಲಿ ಒಬ್ಬರು ನಿಂತು ಕೆಲಸಮಾಡುವಷ್ಟೇ ಸ್ಥಳವಿದ್ದುದರಿಂದ ಗೃಹಿಣಿಯು ಒಂಟಿಯಾದಳೆಂಬ ಆಕ್ಷೇಪವೂ ಆಮೇಲೆ ಹುಟ್ಟಿತು. ಇದರಿಂದ ನಾವು ಕಲಿಯತಕ್ಕದ್ದೇನೆಂದರೆ, ಕಪಾಟುಗಳ ಜೋಡಣೆಯಿಂದ ಹೆಜ್ಜೆಗಳು ಉಳಿಯಬಹುದೇ ಹೊರತು, ಎರಡನೆಯವರ ಕೈ ಸೇರದೆ ಗಂಟೆಗಳು ಉಳಿಯವು.

ಆದಕಾರಣ ನಮ್ಮ ಮೊದಲನೆಯ ಸಲಹೆಯು ಮನೆಯವರಿಗೆ. ದಿನದಲ್ಲಿ ನಾಲ್ಕೈದು ಗಂಟೆಗಳನ್ನು ಗೊತ್ತುಮಾಡಿ, ಆ ಹೊತ್ತಿನಲ್ಲಿ ಅವಳು ‘ಕಚೇರಿಗೆ ಹೋಗಿದ್ದಾಳೆ’ ಎಂದೇ ಭಾವಿಸಬೇಕು. ಕೊಠಡಿ ಬೇರೆ ಇಲ್ಲದಿದ್ದರೆ ಒಂದು ಪರದೆಯಾದರೂ ಸಾಕು. ಪರದೆ ಇಳಿಬಿಟ್ಟರೆ ಗೇಟು ಮುಚ್ಚಿದಂತೆ. ಎರಡನೆಯ ಸಲಹೆಯು ಅವಳಿಗೆ. ರಾತ್ರಿ ಎಂಟರ ಮೇಲೆ ಗಿರಾಕಿಗೆ ಉತ್ತರ ಕೊಡುವುದಿಲ್ಲವೆಂದು ಕೆಲಸವನ್ನು ಒಪ್ಪಿಕೊಳ್ಳುವಾಗಲೇ ತಿಳಿಸಿಬಿಡತಕ್ಕದ್ದು. ಮೂರನೆಯದು ಯಜಮಾನರಿಗೆ. ವಾರದಲ್ಲಿ ಎರಡು ಹೊತ್ತಿನ ಅಡಿಗೆಯ ಭಾರವನ್ನು, ತರಕಾರಿ ತರುವುದರಿಂದ ಮೊದಲುಗೊಂಡು ಪಾತ್ರೆ ಎತ್ತಿಡುವವರೆಗೆ, ತಾವೇ ವಹಿಸಿಕೊಳ್ಳಬೇಕು. ಭೀಮಸೇನನೂ ನಳಮಹಾರಾಜನೂ ಸೌಟು ಹಿಡಿದವರೇ ಆದಮೇಲೆ ನಮ್ಮವರಿಗೆ ಇದರಲ್ಲಿ ಸಂಕೋಚವೇಕೆ?

ಇಷ್ಟು ಕಷ್ಟವಿರುವಾಗ ಊಟವನ್ನು ಹೋಟೆಲಿನಿಂದ ಮೊಬೈಲಿನ ಮೂಲಕ ತರಿಸಿಬಿಟ್ಟರಾಗದೇ ಎಂದು ಕೆಲವರು ಕೇಳಬಹುದು. ಒಂದೊಂದು ದಿನ ಆಗಬಹುದು. ಆದರೆ ದಿನವೆಲ್ಲ ಬೆಳಕಿನ ಪರದೆಯನ್ನೇ ದಿಟ್ಟಿಸಿದ ಕಣ್ಣಿಗೂ, ಇಲಿಯಾಕಾರದ ಉಪಕರಣವನ್ನೇ ಹಿಡಿದ ಬೆರಳಿಗೂ ಅಡಿಗೆಯು ಒಂದು ವಿಶ್ರಾಂತಿಯಾಗಿದೆ. ಪರದೆಯ ಮೇಲಿನ ಬಣ್ಣಕ್ಕೆ ವಾಸನೆಯಿಲ್ಲ, ಬಿಸಿಯಿಲ್ಲ, ಹದವಿಲ್ಲ. ಒಗ್ಗರಣೆಯ ಸಾಸಿವೆ ಸಿಡಿಯುವ ಕ್ಷಣವನ್ನು ಕಿವಿ ಗುರುತಿಸಬೇಕು. ಕೊತ್ತಂಬರಿ ಬೀಜ ಹುರಿದ ಹದವನ್ನು ಮೂಗು ಹೇಳಬೇಕು. ಪಾಕದ ಎಳೆಯನ್ನು ಬೆರಳುಗಳು ಅಳೆಯಬೇಕು. ಮೈಸೂರುಪಾಕಿಗೆ ಬೇಕಾದುದು ಕಡಲೆಹಿಟ್ಟು, ತುಪ್ಪ, ಸಕ್ಕರೆ ಈ ಮೂರೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ಇದನ್ನು ಮೊದಲು ಮಾಡಿದರೆಂಬ ಪ್ರತೀತಿಯುಂಟು. ಮೂರೇ ವಸ್ತುಗಳಿದ್ದರೂ ಇಳಿಸುವ ಕ್ಷಣ ತಪ್ಪಿದರೆ ಅದು ಕಲ್ಲಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬ ಈ ವಿವೇಕವು ವಿನ್ಯಾಸಕಾರರಿಗೂ ಬೇಕಾದದ್ದೇ.

ಸ್ವತಂತ್ರವೃತ್ತಿಯವರ ವರಮಾನವು ಏರಿಳಿಯುವಂತಹುದು. ಈ ತಿಂಗಳು ಬಂದ ಹಣವು ಮುಂದಿನ ತಿಂಗಳು ಬಾರದಿರಬಹುದು. ನಮ್ಮ ಅಜ್ಜಿಯರ ವರ್ಷದ ಸಂಗ್ರಹದ ಪದ್ಧತಿಯು ಇಂತಹವರಿಗೇ ಹೇಳಿಮಾಡಿಸಿದಂತಿದೆ. ಹಣ ಬಂದ ತಿಂಗಳಲ್ಲಿ ಅಕ್ಕಿ, ಬೇಳೆ, ಬ್ಯಾಡಗಿ ಮೆಣಸಿನಕಾಯಿಗಳನ್ನು ಕೊಂಡಿಡಬೇಕು. ಬೇಸಗೆಯ ಮೊದಲಲ್ಲಿ ಹೊಸ ಹುಣಸೆಹಣ್ಣು ಬಂದಾಗ ಬೀಜ, ನಾರು ತೆಗೆದು, ಒಣಗಿಸಿ, ಉಪ್ಪು ಬೆರಸಿ ಭರಣಿಯಲ್ಲಿ ತುಂಬಬೇಕು. ಆ ಹುಣಸೆಯಿಂದ ಮಾಡಿಡಬಹುದಾದ ಪುಳಿಯೋಗರೆಯ ಗೊಜ್ಜು, ಕೆಲಸದ ಒತ್ತಡದ ದಿನಗಳಲ್ಲಿ ಮನೆಯವರೆಲ್ಲರನ್ನೂ ಕಾಯುವ ಪದಾರ್ಥವಾದುದರಿಂದ, ಅದರ ಕ್ರಮವನ್ನು ಇಲ್ಲಿ ಕೊಡುತ್ತೇವೆ.

ಹುಣಸೆಹಣ್ಣು 100 ಗ್ರಾಂ ತೆಗೆದುಕೊಂಡು ಎರಡು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಗಟ್ಟಿಯಾಗಿ ಕಿವುಚಿ ರಸ ಸೋಸಿಕೊಳ್ಳಿರಿ. ಕೊತ್ತಂಬರಿ ಬೀಜ 4 ದೊಡ್ಡ ಚಮಚ, ಬ್ಯಾಡಗಿ ಮೆಣಸಿನಕಾಯಿ 15, ಖಾರದ ಮೆಣಸಿನಕಾಯಿ 5, ಮೆಣಸು, ಜೀರಿಗೆ, ಸಾಸಿವೆ, ಮೆಂತ್ಯ ಒಂದೊಂದು ಸಣ್ಣ ಚಮಚ ಇವುಗಳನ್ನು ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು ಪುಡಿಮಾಡಿರಿ. ದಪ್ಪ ತಳದ ಪಾತ್ರೆಯಲ್ಲಿ ಅರ್ಧ ಲೋಟ ಎಳ್ಳೆಣ್ಣೆ ಕಾಯಿಸಿ, ಸಾಸಿವೆ, ಇಂಗು, ಅರಿಸಿನ, ಕರಿಬೇವಿನ ಒಗ್ಗರಣೆ ಕೊಟ್ಟು, ಹುಣಸೆಯ ರಸವನ್ನೂ 2 ದೊಡ್ಡ ಚಮಚ ಉಪ್ಪನ್ನೂ 75 ಗ್ರಾಂ ಬೆಲ್ಲವನ್ನೂ ಹಾಕಿ ಕುದಿಸಿರಿ. ರಸವು ಅರ್ಧಕ್ಕೆ ಇಳಿದಮೇಲೆ ಪುಡಿಯನ್ನು ಬೆರಸಿ, ಎಣ್ಣೆಯು ಬದಿಯಲ್ಲಿ ಬಿಡುವವರೆಗೆ ಕೈಯಾಡಿಸಿ ಇಳಿಸಿರಿ. ಪೂರ್ತಿಯಾಗಿ ಆರಿದಮೇಲೆ ಗಾಜಿನ ಜಾಡಿಯಲ್ಲಿ ತುಂಬಿ, ಒಣಗಿದ ಚಮಚವನ್ನೇ ಉಪಯೋಗಿಸಿದರೆ, ಕೆಲವು ವಾರಗಳ ಕಾಲ ಕೆಡದು. ಹುರಿದ ಎಳ್ಳಿನ ಪುಡಿ, ಕೊಬ್ಬರಿ ತುರಿ, ಹುರಿದ ಕಡಲೆಕಾಯಿ ಬೀಜ ಇವುಗಳನ್ನು ಅನ್ನ ಕಲಸುವಾಗ ಮಾತ್ರ ಸೇರಿಸಬೇಕು. ಮೊದಲೇ ಸೇರಿಸಿದರೆ ಗೊಜ್ಜಿಗೆ ಜಿಡ್ಡುವಾಸನೆ ಬರುತ್ತದೆ.

ಹುಣಸೆಯ ಮಾತು ಬಂದುದರಿಂದ ಕಲೆಯ ಮಾತಿಗೂ ದಾರಿಯಾಯಿತು. ಮೈಸೂರು ಸಂಪ್ರದಾಯದ ಹಳೆಯ ಚಿತ್ರಗಾರರು ಹುಣಸೆಯ ಸಣ್ಣ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು, ಆ ಇದ್ದಲಿನಿಂದಲೇ ಚಿತ್ರದ ಮೊದಲನೆಯ ರೇಖೆಗಳನ್ನು ಬರೆಯುತ್ತಿದ್ದರು. ಒರಿಸ್ಸಾದ ಪಟಚಿತ್ರಗಾರರು ಹುಣಸೆಬೀಜದ ಅಂಟಿನಿಂದ ಬಟ್ಟೆಯನ್ನು ಹದಮಾಡಿಕೊಳ್ಳುತ್ತಾರೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳುಂಟು. ಕೊನೆಯದರ ಹೆಸರು ಒಗ್ಗರಣೆಯ ಡಬ್ಬಿಯಿಂದಲೇ ಬಂದುದು. ಅಡಿಗೆಯ ಮನೆಯೂ ಕಲೆಯ ಮನೆಯೂ ಅಕ್ಕಪಕ್ಕದ ಮನೆಗಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಚಿತ್ರ ಬರೆಯುವುದೇ ವೃತ್ತಿಯಾದವರಿಗೆ ಚಿತ್ರದ ಹವ್ಯಾಸವೇಕೆ ಎಂಬ ಸಂದೇಹ ಹುಟ್ಟುವುದು ಸಹಜ. ವೃತ್ತಿಯಲ್ಲಿ ಪರರ ಅಭಿರುಚಿಗೆ ಬಾಗಬೇಕು; ‘ಬಣ್ಣವನ್ನು ಇನ್ನೂ ಗಾಢಮಾಡಿ’ ಎಂದರೆ ಮಾಡಬೇಕು. ಹವ್ಯಾಸದಲ್ಲಿ ತಿದ್ದುವವರಿಲ್ಲ, ಗಡುವಿಲ್ಲ, ಬೆಲೆಯಿಲ್ಲ. ರಾಜ್ಯಭಾರವನ್ನು 1831ರಲ್ಲಿ ಇಂಗ್ಲಿಷರು ತಮ್ಮ ಕೈಗೆ ತೆಗೆದುಕೊಂಡ ಮೇಲೆ, ಮುಮ್ಮಡಿ ಕೃಷ್ಣರಾಜ ಒಡೆಯರು ಸಾಹಿತ್ಯ, ಚಿತ್ರ, ಚದುರಂಗಗಳಲ್ಲಿ ತಮ್ಮ ಕಾಲವನ್ನು ಸಾರ್ಥಕಗೊಳಿಸಿದರು. ಗಂಜೀಫಾ ಎಲೆಗಳ ಆಟಗಳಲ್ಲಿ ಅವರಿಗಿದ್ದ ಆಸಕ್ತಿ ಎಷ್ಟೆಂದರೆ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಅಂತಹ ಹಲವು ಆಟಗಳ ವಿವರಣೆಯಿದೆ, ಒಂದು ಆಟಕ್ಕೆ 360 ಎಲೆಗಳು ಬೇಕು. ಲಾಭವನ್ನು ಬಯಸದೆ ಬೆಳೆಸಿದ ಆ ವಿನೋದವು ಇಂದು ಮೈಸೂರಿನ ಹೆಸರಿನಿಂದಲೇ ಪ್ರಸಿದ್ಧವಾದ ಕಲೆಯಾಗಿದೆ.

ಈಚೆಗೆ, ಕೈಯಲ್ಲಿ ಏನನ್ನು ಮಾಡಿದರೂ ‘ಇದನ್ನು ಮಾರಬಾರದೇ?’ ಎಂದು ಹತ್ತಿರದವರೇ ಕೇಳುವುದುಂಟು. ಉಪ್ಪಿನಕಾಯಿ ಚೆನ್ನಾಗಿದ್ದರೆ ಮಾರು, ಕಸೂತಿ ಚೆನ್ನಾಗಿದ್ದರೆ ಮಾರು! ಹಣದ ಅಗತ್ಯವಿದ್ದವರು ಮಾರಲಿ, ತಪ್ಪೇನೂ ಇಲ್ಲ. ಆದರೆ ಒಂದನ್ನಾದರೂ ಮಾರದೆ ಉಳಿಸಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. ಎಲ್ಲವೂ ವ್ಯಾಪಾರವಾದ ಮನೆಯಲ್ಲಿ ಕುಳಿತುಕೊಳ್ಳಲು ಸ್ಥಳವಿರುವುದಿಲ್ಲ. ಮೈಸೂರಿನ ಮನೆಗಳಲ್ಲಿ ನವರಾತ್ರಿಯ ಗೊಂಬೆಗಳನ್ನು ಕೂರಿಸುವ ಸಂಪ್ರದಾಯವು ಇಂತಹ ಮಾರದ ಹವ್ಯಾಸ. ಪಟ್ಟದ ಗೊಂಬೆಗಳಿಗೆ ಹೊಸ ಬಟ್ಟೆ ಹೊಲಿಯುವುದು, ರಾಗಿ ಮೊಳಕೆಯಿಂದ ತೋಟ ಮಾಡುವುದು, ನೋಡಲು ಬಂದ ಮಕ್ಕಳಿಗೆ ದಿನಕ್ಕೊಂದು ಬಗೆಯ ಬೊಂಬೆ ಬಾಗಿನ ಕೊಡುವುದು, ಇವುಗಳಲ್ಲಿ ಅಡಿಗೆ, ಕಲೆ, ನೆರೆಹೊರೆಯ ಸ್ನೇಹ ಮೂರೂ ಒಟ್ಟುಗೂಡುತ್ತವೆ. ಮನೆಯಲ್ಲಿ ಒಂಟಿಯಾಗಿ ದುಡಿಯುವವರಿಗೆ ಈ ಮೂರನೆಯದರ ಅವಶ್ಯಕತೆಯು ಹೆಚ್ಚು.

ಕೊನೆಯದಾಗಿ ಸಿಪ್ಪೆಗಳ ವಿಷಯ. ಮೈಸೂರು 2015 ಮತ್ತು 2016ರಲ್ಲಿ ಸ್ವಚ್ಛನಗರಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನು ಪಡೆಯಿತು. ಆದರೆ ಆ ನಗರದ ಕಸವು ಅನೇಕ ವರ್ಷಗಳ ಕಾಲ ಬಂದು ರಾಶಿಬಿದ್ದುದು ವಿದ್ಯಾರಣ್ಯಪುರಂನ ಸೂಯೇಜ್ ಫಾರಂ ಆವರಣದಲ್ಲಿ. ಅದರ ದುರ್ವಾಸನೆಯನ್ನು ಸಹಿಸಿದವರು ಸುತ್ತಣ ನಿವಾಸಿಗಳು. ತರಕಾರಿಯ ಸಿಪ್ಪೆಯನ್ನು ಒಣಗಿದ ಎಲೆಗಳೊಡನೆ ಕುಂಡದಲ್ಲಿ ಪದರಪದರವಾಗಿ ಹಾಕಿ, ಗಾಳಿಯಾಡುವಂತೆ ಆಗಾಗ ತಿರುವುತ್ತಿದ್ದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಮಹಡಿಯ ಮೇಲೆ ಕರಿಬೇವು, ದೊಡ್ಡಪತ್ರೆ, ಒಂದು ಮಲ್ಲಿಗೆಯ ಬಳ್ಳಿಗೆ ಅಷ್ಟು ಸಾಕು. ಸಂಜೆ ನೀರು ಹಾಕಲು ಮೇಲೆ ಹೋದಾಗ ಚಾಮುಂಡಿಬೆಟ್ಟದ ಕಡೆ ನಾಲ್ಕು ನಿಮಿಷ ನೋಡುವುದು ಕಣ್ಣಿಗೂ ಹಿತ.

ವೃತ್ತಿಯು ಅನ್ನವನ್ನು ಕೊಡುತ್ತದೆ. ಅಡಿಗೆಯು ಆ ಅನ್ನಕ್ಕೆ ರುಚಿಯನ್ನು ಕೊಡುತ್ತದೆ. ಹವ್ಯಾಸವು ಉಣ್ಣುವವರ ಮನಸ್ಸಿಗೆ ಬಿಡುವನ್ನು ಕೊಡುತ್ತದೆ. ಮೂರಕ್ಕೂ ಪ್ರತ್ಯೇಕವಾದ ಹೊತ್ತು ಬೇಕು. ಆ ಹೊತ್ತನ್ನು ಒಬ್ಬಳೇ ಗಳಿಸಿಕೊಳ್ಳಲಾರಳು, ಮನೆಯವರೆಲ್ಲ ಸೇರಿ ಕೊಡಬೇಕು. ಈ ಪುಟವನ್ನು ಓದಿದ ಸೋದರಿಯರು ಇದನ್ನು ಊಟದ ಹೊತ್ತಿನಲ್ಲಿ ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಲೆಂದು ಕೋರುತ್ತೇವೆ. ಯಜಮಾನರು ತಾವಾಗಿಯೇ ಓದಿ ಹೇಳಿದರಂತೂ ನಮ್ಮ ಶ್ರಮ ಸಾರ್ಥಕವಾಯಿತೆಂದು ತಿಳಿಯುವೆವು.