ಬೇವಿನ ಬೀಜ ಆಯ್ದಿಡಿ, ಹೊಗೆಸೊಪ್ಪಿನ ನೀರು ಬೇಡ



ಉಣ್ಣೆಗೆ ಏನು ಹಚ್ಚುತ್ತೀರಿ ಎಂದು ಡೈರಿಗೆ ಹಾಲು ಹಾಕಲು ಬಂದವರನ್ನು ಕೇಳಿ ನೋಡಿ. ಒಬ್ಬರು ಬೇವು ಎನ್ನುತ್ತಾರೆ, ಇನ್ನೊಬ್ಬರು ಹೊಗೆಸೊಪ್ಪು ನೆನೆಸಿದ ನೀರು. ‘ಎರಡೂ ಗಿಡದ್ದೇ ತಾನೆ, ಏನೂ ಆಗಲ್ಲ’ ಎಂಬ ಮಾತೂ ಜೊತೆಗೆ ಬರುತ್ತದೆ. ಆ ಮಾತಿಗೇ ನನ್ನ ತಕರಾರು.

ಹೊಗೆಸೊಪ್ಪಿನಲ್ಲಿರುವುದು ನಿಕೋಟಿನ್. ಅದು ಹುಳುವಿನ ನರಕ್ಕೆ ಹೊಡೆಯುವಂತೆಯೇ ಹಸುವಿನ ನರಕ್ಕೂ ನಮ್ಮ ನರಕ್ಕೂ ಹೊಡೆಯುತ್ತದೆ, ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ನಮ್ಮ ಬೀದಿಯಲ್ಲಿ ಒಂದು ಕರುವಿಗೆ ಆ ನೀರು ಬಳಿದ ಸ್ವಲ್ಪ ಹೊತ್ತಿಗೇ ಅದು ಜೊಲ್ಲು ಸುರಿಸಿ, ನಡುಗಿ, ಕುಸಿದುಬಿತ್ತು. ಡಾಕ್ಟರು ಬಂದು ಉಳಿಸಿದರು. ಬಳಿದಾಕೆಗೂ ತಲೆಸುತ್ತು, ವಾಂತಿ.

ಬೇವಿನ ದಾರಿ ಬೇರೆ. ಅದರ ಬೀಜದ ತಿರುಳಿನಲ್ಲಿರುವ ಅಜಾಡಿರಾಕ್ಟಿನ್ ಹುಳು ಪೊರೆ ಕಳಚಿ ಬೆಳೆಯಲು ಬೇಕಾದ ಹಾರ್ಮೋನನ್ನು ಏರುಪೇರು ಮಾಡುತ್ತದೆ. ನಮ್ಮ ಹಸುವಿಗೆ ಪೊರೆ ಕಳಚುವ ಕೆಲಸವೇ ಇಲ್ಲವಲ್ಲ! ಆದರೆ ಇದು ನಿಧಾನ. ಬೆಳಿಗ್ಗೆ ಹಚ್ಚಿದರೆ ಸಂಜೆಗೆ ಉಣ್ಣೆ ಉದುರುವುದಿಲ್ಲ, ಬಿಸಿಲಿಗೂ ಬೇಗ ಕೆಡುತ್ತದೆ. ಎಲೆಯಲ್ಲಿ ಬೀಜದಷ್ಟು ಸತ್ವವಿಲ್ಲ. ಎಲೆಯ ಹೊಗೆಗೆ ಸೊಳ್ಳೆ ಸರಿದೀತು, ಉಣ್ಣೆ ಜಗ್ಗದು.

ಅಂಗಡಿಯ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗಳ ಮೂಲವೂ ಒಂದು ಹೂವೇ, ಸೇವಂತಿಗೆ ಬಳಗದ ಪೈರೆಥ್ರಮ್. ಹೂವಿನ ವಿಷ ಬಿಸಿಲಿಗೆ ನಿಲ್ಲುವುದಿಲ್ಲವೆಂದು, ಅದೇ ಮಾದರಿಯಲ್ಲಿ ಹೆಚ್ಚು ದಿನ ಉಳಿಯುವಂಥದ್ದನ್ನು ಕಾರ್ಖಾನೆಯಲ್ಲಿ ಮಾಡಿದರು. ಪದೇ ಪದೇ ಹೊಡೆದು ಎಷ್ಟೋ ಕಡೆ ಉಣ್ಣೆಗಳು ಅದಕ್ಕೆ ಒಗ್ಗಿಹೋಗಿವೆ. ಹಾಗೆಂದು ಬಾಟಲಿ ಬಿಸಾಡಿ ಎನ್ನಲಾರೆ. ಮಿಶ್ರತಳಿ ಹಸುವಿಗೆ ಉಣ್ಣೆಯಿಂದ ಥೈಲೀರಿಯಾ ಜ್ವರ ಬಂದರೆ ಹಾಲಿನ ಮಾತಿರಲಿ, ಹಸುವೇ ಹೋದೀತು. ಮೈತುಂಬ ಉಣ್ಣೆಯಿದ್ದಾಗ ಬೇವನ್ನು ನಂಬಿ ಕೂರಬೇಡಿ. ಪಶುವೈದ್ಯರು ಹೇಳಿದ ಅಳತೆಯಲ್ಲೇ ಔಷಧ ಹಾಕಿ, ಎಷ್ಟು ದಿನ ಹಾಲು ಹಾಕಬಾರದು ಎಂದೂ ಕೇಳಿಕೊಳ್ಳಿ.

ಬೇವು ಬೇಕಾಗುವುದು ಅದಕ್ಕೂ ಮೊದಲು, ಕೊಟ್ಟಿಗೆಯ ಗೋಡೆಗೆ. ರಕ್ತ ಕುಡಿದು ಉಬ್ಬಿದ ಉಣ್ಣೆ ಕೆಳಗೆ ಬಿದ್ದು, ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಹೊಲಕ್ಕೆ ಮಾಡುವ ಕಷಾಯವನ್ನೇ ಮಾಡಿ: ಲೀಟರ್ ನೀರಿಗೆ 50 ಗ್ರಾಂ ತಿರುಳಿನ ಪುಡಿ, ರಾತ್ರಿಯಿಡೀ ನೆನೆಸಿ ಸೋಸಿ, ಚೂರು ಸೋಪು ಬೆರೆಸಿ ಆ ದಿನವೇ ಬಿರುಕುಗಳಿಗೆ ಸಿಂಪಡಿಸಿ. ಹಾಲು ಕರೆದಾದ ಮೇಲೆ ಮಾಡಿ, ವಾಸನೆ ಕೈಗೆ ಅಂಟುತ್ತದೆ.

ಮುಂಗಾರು ಶುರುವಾಗುವ ಹೊತ್ತಿಗೆ ಹಣ್ಣು ಉದುರುತ್ತದೆ. ಬೂಷ್ಟು ಹಿಡಿಯುವ ಮುನ್ನ ಆಯ್ದು, ಸಿಪ್ಪೆ ತೆಗೆದು ತೊಳೆದು, ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಕೆಡುತ್ತದೆ, ನನ್ನದು ಒಂದು ಚೀಲ ಹಾಗೇ ಹೋಯಿತು.