ಇನ್ನೂ ಸ್ವಲ್ಪ ಕಾಲ ಓದಿ ಹೇಳಿ

ಬಸವೇಶ್ವರನಗರದಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಮಗ ಮೂರನೇ ತರಗತಿ. ಇಂಗ್ಲಿಷ್ ಮಾಧ್ಯಮದ ಶಾಲೆ, ಕನ್ನಡ ಎರಡನೇ ಭಾಷೆ. ಮನೆಯಲ್ಲಿ ಮಾತೆಲ್ಲ ಕನ್ನಡವೇ. ಅಜ್ಜಿ ಕಥೆ ಶುರು ಮಾಡಿದರೆ ತಟ್ಟೆಯಲ್ಲಿದ್ದ ಅನ್ನ ಆರಿದ್ದೂ ಗೊತ್ತಾಗದ ಹುಡುಗ. ಅದೇ ಕಥೆಯ ಪುಸ್ತಕ ಕೈಗೆ ಕೊಟ್ಟರೆ ನಾಲ್ಕನೇ ಸಾಲಿಗೆ ತಲೆನೋವು ಅನ್ನುತ್ತಾನೆ, ನೀರು ಕುಡಿದು ಬರುತ್ತೇನೆಂದು ಎದ್ದವನು ವಾಪಸು ಬರುವುದಿಲ್ಲ. ‘ನಾನು ಇವನಷ್ಟಿದ್ದಾಗ ರಾಜಾಜಿನಗರದ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಚಂದಮಾಮ ತಂದು ಮನೆ ತಲುಪುವಷ್ಟರಲ್ಲಿ ಅರ್ಧ ಓದಿ ಮುಗಿಸುತ್ತಿದ್ದೆ. ಇವನಿಗೆ ಯಾಕೆ ಹೀಗೆ?’ ಎಂದು ಕೇಳಿದ್ದಾರೆ. ವಿಜಯನಗರದಿಂದಲೂ ಕೆಂಗೇರಿ ಉಪನಗರದಿಂದಲೂ ಇಂಥವೇ ಪತ್ರಗಳು ಬಂದಿವೆ. ಮಕ್ಕಳ ದಿನಾಚರಣೆಯ ಈ ಸಂಚಿಕೆಯಲ್ಲಿ ಸಂಪಾದಕರ ಮಾತಿನ ಜಾಗವನ್ನು ಆ ಪ್ರಶ್ನೆಗೇ ಬಿಟ್ಟುಕೊಡುತ್ತಿದ್ದೇನೆ.

ಇಂಥ ಪ್ರಶ್ನೆ ಬಂದಾಗ ಎಲ್ಲರೂ ಮೊದಲು ಬೈಯುವುದು ಮೊಬೈಲನ್ನು. ಬೈಯಬೇಕಾದ್ದೇ. ಆದರೆ ಮೊಬೈಲು ಕಿತ್ತಿಟ್ಟ ಮಾತ್ರಕ್ಕೆ ಮಗು ಪುಸ್ತಕ ಹಿಡಿಯುತ್ತದೆ ಎಂದು ನಾನು ನಂಬಿಲ್ಲ. ನನಗೆ ಕಾಣುವ ಕಾರಣ ಬೇರೆ. ಮಗು ಅಕ್ಷರ ಕೂಡಿಸಿ ಓದಲು ಶುರು ಮಾಡಿದ ಕೂಡಲೇ ನಾವು ಓದಿ ಹೇಳುವುದನ್ನು ನಿಲ್ಲಿಸಿಬಿಡುತ್ತೇವೆ. ‘ಈಗ ನಿನಗೇ ಓದೋಕೆ ಬರತ್ತಲ್ಲ, ನೀನೇ ಓದ್ಕೋ’ ಅನ್ನುತ್ತೇವೆ. ಕನ್ನಡ ಓದುವ ಮಗುವಿನ ಮಟ್ಟಿಗೆ ಈ ಮಾತನ್ನು ಎರಡು ಮೂರು ವರ್ಷ ಮೊದಲೇ ಆಡಿಬಿಡುತ್ತೇವೆ.

ಯಾಕೆಂದರೆ ನಮ್ಮ ಲಿಪಿ ದೊಡ್ಡದು. ವರ್ಣಮಾಲೆಯಲ್ಲಿ 49 ಅಕ್ಷರ ಎಂದು ಬಾಯಿಪಾಠ ಒಪ್ಪಿಸಿದರೆ ಮುಗಿಯಲಿಲ್ಲ. 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ 400ಕ್ಕೂ ಹೆಚ್ಚು ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರ. ಕೆಲವು ಒತ್ತುಗಳು ತಾಯಕ್ಷರದ ಹಾಗೇ ಇರುತ್ತವೆ. ತ, ಮ, ಯ, ರ ಮುಂತಾದವು ಒತ್ತಾದಾಗ ಗುರುತೇ ಸಿಗದಂತೆ ಬದಲಾಗುತ್ತವೆ. ಇನ್ನು ಅರ್ಕಾವತ್ತು. ‘ಕರ್ನಾಟಕ’ ಎಂಬ ಹೆಸರನ್ನೇ ನೋಡಿ. ಕಣ್ಣಿಗೆ ಮೊದಲು ಕಾಣುವುದು ‘ನಾ’, ನಾಲಿಗೆ ಮೊದಲು ಹೇಳಬೇಕಾದ್ದು ‘ರ್’. ನಮ್ಮ ರಾಜ್ಯದ ಹೆಸರನ್ನು ಸರಿಯಾಗಿ ಓದಲು ಏಳು ವರ್ಷದ ಮಗು ಕಣ್ಣನ್ನು ಒಮ್ಮೆ ಮುಂದಕ್ಕೆ ಒಯ್ದು ಹಿಂದಕ್ಕೆ ತರಬೇಕು. ನಮಗೆ ಅಭ್ಯಾಸವಾಗಿ ಆ ಕಷ್ಟ ಮರೆತೇಹೋಗಿದೆ.

ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷಿನ ಮಗು ತನ್ನ 26 ಅಕ್ಷರಗಳನ್ನು ಬೇಗ ಗುರುತು ಹಿಡಿಯುತ್ತದೆ. ಕನ್ನಡದ ಮಗುವಿಗೆ ಅಕ್ಷರಗಳ ಪರಿಚಯವೇ ಮೂರನೇ, ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂಬುದು ಅದರಲ್ಲಿ ಕಂಡ ಮುಖ್ಯ ಸಂಗತಿ. ಬಸವೇಶ್ವರನಗರದ ಆ ತಾಯಿಗೆ ನಾನು ಮೊದಲು ಹೇಳಬೇಕಾದ್ದು ಇದನ್ನೇ. ನಿಮ್ಮ ಮಗ ಸೋಮಾರಿಯಲ್ಲ, ದಡ್ಡನಲ್ಲ. ಅವನಿನ್ನೂ ಕಲಿಯುವ ದಾರಿಯ ನಡುವೆ ಇದ್ದಾನೆ. ಇಂಗ್ಲಿಷ್ ಪುಸ್ತಕ ಸಲೀಸಾಗಿ ಓದುತ್ತಾನೆ, ಕನ್ನಡ ಓದುವುದಿಲ್ಲ ಎಂದು ಹೋಲಿಸಬೇಡಿ. ಅಲ್ಲಿ ಅಕ್ಷರ ಕಡಿಮೆ, ಕಾಗುಣಿತದ ಗೊಂದಲ ಜಾಸ್ತಿ. ಇಲ್ಲಿ ಅಕ್ಷರ ಜಾಸ್ತಿ, ಆದರೆ ಒಮ್ಮೆ ಕೈಗೆ ಹತ್ತಿತೆಂದರೆ ಬರೆದದ್ದನ್ನು ಬರೆದ ಹಾಗೇ ಓದಬಹುದು. ಕಾಯುವ ಕಾಲ ಸ್ವಲ್ಪ ಹೆಚ್ಚು, ಅಷ್ಟೇ.

ತೊಡಕು ಇನ್ನೊಂದಿದೆ. ಪುಸ್ತಕದ ಕನ್ನಡ ಮನೆಯ ಕನ್ನಡವಲ್ಲ. ಮನೆಯಲ್ಲಿ ‘ಬರ್ತಿದಾನೆ’ ಅನ್ನುವ ಮಗುವಿಗೆ ಪುಟದಲ್ಲಿ ‘ಬರುತ್ತಿದ್ದಾನೆ’ ಎದುರಾಗುತ್ತದೆ: ಎರಡು ಒತ್ತು, ಕಿವಿಗೆ ಬಿದ್ದಿರದ ರೂಪ. ನಮ್ಮ ಪಶ್ಚಿಮ ಬೆಂಗಳೂರಿನ ಬೀದಿಗಳಲ್ಲಿ ಮಂಡ್ಯ, ತುಮಕೂರು, ಹಾಸನದ ಕನ್ನಡ ಬೆರೆತಿದೆ. ತೆಲುಗು, ತಮಿಳು, ಉರ್ದು, ತುಳು ಮಾತಾಡುವ ಮನೆಗಳಿವೆ. 2015ರ ಕನ್ನಡ ಭಾಷಾ ಕಲಿಕೆ ಕಾಯಿದೆಯಿಂದ ಈ ಮಕ್ಕಳೆಲ್ಲ ಶಾಲೆಯಲ್ಲಿ ಕನ್ನಡ ಕಲಿಯುತ್ತಿದ್ದಾರೆ, ಅದು ಒಳ್ಳೆಯದೇ. ಆದರೆ ಪುಸ್ತಕದ ಕನ್ನಡ ಕಿವಿಗೆ ಬೀಳದೆ ಕಣ್ಣಿಗೆ ಮಾತ್ರ ಬಿದ್ದರೆ ಮಗುವಿಗೆ ಅದು ಪರೀಕ್ಷೆಯ ಭಾಷೆಯಾಗಿಯೇ ಉಳಿಯುತ್ತದೆ. ಆ ಭಾಷೆಯನ್ನು ಕಿವಿಗೆ ಹಾಕುವ ಕೆಲಸ ದೊಡ್ಡವರ ದನಿಯದು.

ಓದಿ ಹೇಳುವುದು ಎಳೆಯ ಮಕ್ಕಳಿಗೆ ಮಾತ್ರ ಎಂಬ ಭಾವನೆ ನಮಗೆ ಎಲ್ಲಿಂದ ಬಂತೋ. ನಮ್ಮ ನಾಡಿನಲ್ಲಿ ದೊಡ್ಡವರಿಗೇ ಓದಿ ಹೇಳುತ್ತಿದ್ದರು. ಜಗಲಿಯ ಮೇಲೆ, ದೇವಸ್ಥಾನದ ಅಂಗಳದಲ್ಲಿ ಗಮಕಿ ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ವಾಚಿಸಿದರೆ ಪಕ್ಕದಲ್ಲಿ ಕೂತವರು ಅರ್ಥ ಬಿಡಿಸುತ್ತಿದ್ದರು. ಅಕ್ಷರ ಬಾರದ ಹೊಲದಾಳು, ಮನೆಗೆಲಸ ಮುಗಿಸಿ ಬಂದ ಹೆಂಗಸು, ಅವರ ತೊಡೆಯ ಮೇಲಿನ ಕೂಸು, ಎಲ್ಲರೂ ಅದೇ ಕಾವ್ಯದ ಓದುಗರು. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಆ ಸಂತೋಷ ಅಷ್ಟಕ್ಕೇ ನಿಲ್ಲಬಾರದಿತ್ತು. ಆ ಪದ್ಧತಿಯ ಒಂದು ಸಣ್ಣ ತುಂಡನ್ನಾದರೂ ನಮ್ಮ ನಮ್ಮ ಮನೆಯ ಹಾಲಿಗೆ ತಂದುಕೊಳ್ಳಬೇಕಿತ್ತು.

ಏನು ಓದಿ ಹೇಳುವುದು? ಕನ್ನಡಕ್ಕೆ ಇದರಲ್ಲಿ ಬಡತನವಿಲ್ಲ. ರಾಜಾಜಿನಗರದ ಕಡೆಯ ಓದುಗರು ಮೆಟ್ರೊದಲ್ಲಿ ‘ಮಹಾಕವಿ ಕುವೆಂಪು ರಸ್ತೆ’ ನಿಲ್ದಾಣ ದಾಟುತ್ತಲೇ ಇರುತ್ತಾರೆ. ಆ ಹೆಸರು ಕೇಳಿದ ಮಗುವಿಗೆ ಮನೆಯಲ್ಲಿ ಬೊಮ್ಮನಹಳ್ಳಿಯ ಕಿಂದರಿಜೋಗಿ ಸಿಗಬೇಕು. ಬ್ರೌನಿಂಗ್‌ನ ಕವಿತೆಯನ್ನು ಕುವೆಂಪು ತುಂಗೆಯ ದಡಕ್ಕೆ ತಂದು ನಿಲ್ಲಿಸಿದ್ದಾರೆ. ಅದು ಮನಸ್ಸಿನಲ್ಲಿ ಓದುವ ಪದ್ಯವೇ ಅಲ್ಲ. ಇಲಿಗಳು ಸಾಲುಗಟ್ಟಿ ಬರುವ ಭಾಗವನ್ನು ಅಪ್ಪ ಉಸಿರು ಬಿಗಿಹಿಡಿದು ಜೋರಾಗಿ ಓದಿದರೆ, ‘ಇನ್ನೊಂದ್ಸಲ’ ಅನ್ನದ ಮಗುವನ್ನು ನಾನು ಕಂಡಿಲ್ಲ. ಕೆಂಗೇರಿಯ ಓದುಗರಿಗೆ ಹತ್ತಿರದವರು ಜಿ.ಪಿ. ರಾಜರತ್ನಂ, ಮೈಸೂರು ರಸ್ತೆಯಲ್ಲೇ ಮುಂದೆ ಸಿಗುವ ರಾಮನಗರದಲ್ಲಿ ಹುಟ್ಟಿದವರು. ಮೇಷ್ಟ್ರಾಗಿ ಮಕ್ಕಳಿಗೆ ಪಾಠ ಮಾಡುವಾಗ ಪಠ್ಯದ ಪದ್ಯಗಳು ಸರಿಕಾಣದೆ ತಾವೇ ಬರೆಯತೊಡಗಿದರು, ಹಾಗೆ ಹುಟ್ಟಿದ್ದು ‘ತುತ್ತೂರಿ’. ಪಂಜೆ ಮಂಗೇಶರಾಯರು ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದವರಲ್ಲಿ ಮುಂದಾಳು. ಅವರ ‘ಒಡ್ಡನ ಓಟ’ ಇವತ್ತಿನ ಮಗುವನ್ನೂ ನಗಿಸುತ್ತದೆ. ಈ ಮೂವರೂ ಮೊದಲು ಮಗುವಿನ ಕಿವಿಗೆ ಬರೆದರು, ಕಣ್ಣಿಗೆ ಬರೆದದ್ದು ಆಮೇಲೆ.

ರಾತ್ರಿಯ ಓದಿಗೆ ಒಂದೇ ಪುಸ್ತಕ ಹೇಳಿ ಎಂದರೆ ನಾನು ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ಹೇಳುತ್ತೇನೆ. ತಿಂಗಳಿಗೊಂದರಂತೆ 12 ಸಂಪುಟ. ವೃತ್ತಿಯಿಂದ ವೈದ್ಯೆಯಾಗಿದ್ದ ಲೇಖಕಿ, ವರ್ಷವಿಡೀ ಸಾಲುವಷ್ಟು ಕಥೆ ಕೂಡಿಸಿಕೊಟ್ಟಿದ್ದಾರೆ. ದಿನದ ಲೆಕ್ಕಕ್ಕೆ ಅಳತೆ ಮಾಡಿದ ಕಥೆಗಳಾದ್ದರಿಂದ ಕೆಲಸ ಮುಗಿಸಿ ದಣಿದು ಬಂದ ತಂದೆತಾಯಿಗೂ ಭಾರವಾಗುವುದಿಲ್ಲ.

ಓದುವ ಬಗೆಯ ಬಗ್ಗೆ ಒಂದೆರಡು ಮಾತು. ಮಗುವನ್ನು ಎದುರಿಗಲ್ಲ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಪುಟ ಇಬ್ಬರಿಗೂ ಕಾಣಲಿ. ಬೆರಳು ಸಾಲಿನ ಕೆಳಗೆ ಮೆಲ್ಲಗೆ ಸರಿಯಲಿ. ನಾಲ್ಕು ಸಾಲು ನೀವು ಓದಿ, ಒಂದು ಸಾಲು ಅವನಿಗೆ ಬಿಡಿ. ಒತ್ತಕ್ಷರದಲ್ಲಿ ಸಿಕ್ಕಿಕೊಂಡರೆ ‘ಯೋಚಿಸು’ ಎಂದು ಕಾಯಿಸಬೇಡಿ, ಹೇಳಿಕೊಟ್ಟು ಮುಂದಕ್ಕೆ ಹೋಗಿ. ಕಥೆ ನಿಂತರೆ ಓದುವ ಆಸೆಯೂ ನಿಲ್ಲುತ್ತದೆ. ಕೊನೆಗೆ ‘ಈ ಕಥೆಯಿಂದ ಏನು ಕಲಿತೆ?’ ಎಂದು ಕೇಳಲೇಬೇಡಿ. ನಮ್ಮ ಮಕ್ಕಳ ಪುಸ್ತಕಗಳ ಕೊನೆಯಲ್ಲಿ ‘ನೀತಿ’ ಎಂಬ ತಲೆಬರಹದಡಿ ಎರಡು ಸಾಲು ಅಚ್ಚು ಹಾಕುವ ಅಭ್ಯಾಸ ಇನ್ನೂ ಹೋಗಿಲ್ಲ. ಅದು ಮಗುವಿನ ಸಂತೋಷವನ್ನು ಕೊನೆಯ ಗಳಿಗೆಯಲ್ಲಿ ಕಿತ್ತುಕೊಂಡು ಪಾಠವಾಗಿ ಬದಲಾಯಿಸುತ್ತದೆ, ಇದು ನನ್ನ ಖಚಿತವಾದ ಅಭಿಪ್ರಾಯ. ಫ್ರಾನ್ಸಿನ ಲೇಖಕ ಡೇನಿಯಲ್ ಪೆನ್ನಾಕ್ ಬಹುಕಾಲ ಶಾಲಾ ಶಿಕ್ಷಕರಾಗಿದ್ದವರು. 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದಾಗ ಅವರು ಮೊದಲ ಜಾಗ ಕೊಟ್ಟದ್ದು ಓದದೇ ಇರುವ ಹಕ್ಕಿಗೆ. ಪುಟ ಹಾರಿಸುವ, ಅರ್ಧಕ್ಕೇ ಬಿಡುವ, ಮತ್ತೆ ಮತ್ತೆ ಅದೇ ಓದುವ ಹಕ್ಕುಗಳೂ ಅದರಲ್ಲಿವೆ. ದೊಡ್ಡವರಾದ ನಾವು ದಿನವೂ ಚಲಾಯಿಸುವ ಹಕ್ಕುಗಳಿವು, ಮಕ್ಕಳಿಗೆ ಮಾತ್ರ ಕೊಡುವುದಿಲ್ಲ.

ಚಿತ್ರಕಥೆ ಓದಿದರೆ ಅದು ಓದಲ್ಲ ಎಂಬ ಮಾತನ್ನೂ ಬಿಡೋಣ. ಅಮರಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ, 1965ರಲ್ಲಿ, ನಮ್ಮ ಬೆಂಗಳೂರಿನಿಂದ. ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ. ಇಂಗ್ಲಿಷ್ ಸರಣಿ ‘ಕೃಷ್ಣ’ದೊಂದಿಗೆ 11ನೇ ಸಂಖ್ಯೆಯಿಂದ ಶುರುವಾದದ್ದೂ ಅದಕ್ಕೇ. ಚಿತ್ರ ಅರ್ಥ ಹೇಳಿಕೊಡುತ್ತದೆ, ಮಾತಿನ ಗುಳ್ಳೆಯಲ್ಲಿ ಇರುವುದು ಆರೇಳು ಪದ. ತಡವರಿಸುವ ಮಗುವಿಗೆ ಇದಕ್ಕಿಂತ ಅನುಕೂಲವಾದ ಪುಟ ಯಾವುದು? ಅದಕ್ಕಿಂತ ಚಿಕ್ಕದು ಬೇಕಿದ್ದರೆ ಪುಸ್ತಕವೇ ಬೇಡ. ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿಯವರೆಗೆ ನಿಲ್ದಾಣಗಳ ಹೆಸರು ಓದಿಕೊಂಡು ಹೋಗಿ. ವಿಜಯನಗರದಲ್ಲಿ ಒಂದೂ ಒತ್ತಿಲ್ಲ, ಅತ್ತಿಗುಪ್ಪೆಯಲ್ಲಿ ಎರಡಿವೆ, ಪಟ್ಟಣಗೆರೆಗೆ ಬರುವಷ್ಟರಲ್ಲಿ ಮಗು ತಾನೇ ಮೊದಲು ಹೇಳಲು ಹವಣಿಸುತ್ತಿರುತ್ತದೆ. ನಡುವೆ ಜ್ಞಾನಭಾರತಿ. ಆ ‘ಜ್ಞಾ’ ಒಂದನ್ನು ಮಾತ್ರ ನೀವೇ ಹೇಳಿಕೊಡಿ.

ಇಷ್ಟು ಹೇಳಿದ ಮೇಲೂ ಓದಿ ಹೇಳುವವರೇ ಇಲ್ಲದ ಮನೆಗಳ ಪ್ರಶ್ನೆ ಉಳಿಯುತ್ತದೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದಿನವಿಡೀ ದುಡಿದು ಬರುವ ತಾಯಿಗೆ, ಕನ್ನಡ ಓದಲು ಬಾರದ ತಂದೆಗೆ, ದಿನಾ ಕಥೆ ಓದಿ ಎಂದು ಬುದ್ಧಿ ಹೇಳುವುದು ಸರಿಯಲ್ಲ. ಆ ಮಕ್ಕಳ ಪಾಲಿನ ದನಿ ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಗಬೇಕು. 1965ರ ಕಾಯಿದೆಯಿಂದ ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ ಕಾನೂನಿನ ನೆಲೆ ಸಿಕ್ಕಿದೆ. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಹಂಪಿನಗರದಲ್ಲಿ ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯವಿದೆ, ಬಡಾವಣೆಗಳಲ್ಲಿ ಶಾಖೆಗಳಿವೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕರಿಗೆ ಜಾಗ ಬೇಕು, ಒಪ್ಪುತ್ತೇನೆ. ಆದರೆ ಮಕ್ಕಳ ಪುಸ್ತಕ ಗಾಜಿನ ಬೀರುವಿನಲ್ಲಿ ಬೀಗದೊಳಗಿದ್ದರೆ, ‘ಸದ್ದು ಮಾಡಬೇಡಿ’ ಎಂಬ ಬೋರ್ಡು ಮಕ್ಕಳ ಮೂಲೆಗೂ ಅನ್ವಯಿಸಿದರೆ, ಮಗು ಯಾಕೆ ಬರಬೇಕು? ಗ್ರಂಥಾಲಯ ವಿಜ್ಞಾನಕ್ಕೆ ಜಗತ್ತಿನಲ್ಲೇ ಹೆಸರಾದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದ ಊರು ಇದು. ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು 1931ರ ಅವರ ಐದು ಸೂತ್ರಗಳಲ್ಲಿ ಮೊದಲನೆಯದು.

ಹಳ್ಳಿಗಳು ಈ ವಿಷಯದಲ್ಲಿ ನಮಗಿಂತ ಮುಂದಿವೆ ಎಂದು ಹೇಳಲು ನನಗೆ ಹೆಮ್ಮೆಯಿದೆ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2020ರ ನವೆಂಬರಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ‘ಓದುವ ಬೆಳಕು’ ಆರಂಭಿಸಿ, 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವವನ್ನು ಉಚಿತ ಮಾಡಿತು. ಅಲ್ಲಿ ಮಕ್ಕಳು ನೆಲದ ಮೇಲೆ ಕೂತು ಗಟ್ಟಿಯಾಗಿ ಓದುತ್ತಾರೆ. ನಗರದ ವಾರ್ಡುಗಳಲ್ಲೂ ಹೀಗಾಗಲಿ. ಅಲ್ಲಿಯವರೆಗೆ ನಾವು ಮಾಡಬಹುದಾದ್ದೂ ಇದೆ. ಕಬ್ಬನ್ ಪಾರ್ಕಿನಲ್ಲಿ 2023ರಿಂದ ಶನಿವಾರ ಬೆಳಿಗ್ಗೆ ಜನ ಸೇರಿ ಮೌನವಾಗಿ ಓದುತ್ತಿದ್ದಾರೆ. ರಾಜಾಜಿನಗರ, ನಾಗರಬಾವಿ, ಕಾಮಾಕ್ಷಿಪಾಳ್ಯದ ಪಾರ್ಕುಗಳಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕಟ್ಟೆಯ ಮೇಲೆ ಕೂರುವ ಹಿರಿಯರು ಎಷ್ಟೊಂದು ಜನ! ಅವರಲ್ಲಿ ಒಬ್ಬರು ಭಾನುವಾರ ಅರ್ಧ ಗಂಟೆ ಕಥೆ ಓದಲು ಕೂತರೆ ಸಾಕು. ಪುಸ್ತಕಕ್ಕೆ ದುಡ್ಡಿಲ್ಲ ಅನ್ನುವಂತಿಲ್ಲ: ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಉಚಿತವಾಗಿ ಸಿಗುತ್ತವೆ, ಓದಿನ ನಾಲ್ಕು ಹಂತಗಳಲ್ಲಿ ವಿಂಗಡಿಸಿಟ್ಟಿದ್ದಾರೆ. ಮುದ್ರಿಸಿ ಹಂಚಲೂ ಅಡ್ಡಿಯಿಲ್ಲ.

ಈ ಸಂಚಿಕೆಯ ನಡುವಿನ ಎಂಟು ಪುಟಗಳನ್ನು ಇದಕ್ಕೆಂದೇ ಮೀಸಲಿಟ್ಟಿದ್ದೇವೆ. ಎರಡು ಕಥೆ, ಒಂದು ಪದ್ಯ. ದಪ್ಪ ಅಕ್ಷರ, ಚಿಕ್ಕ ಸಾಲು. ಮಗು ಓದಬಹುದಾದ ಸಾಲುಗಳು ಬೇರೆ ಬಣ್ಣದಲ್ಲಿವೆ, ಉಳಿದವು ನಿಮ್ಮ ಪಾಲಿಗೆ. ಕೊನೆಯಲ್ಲಿ ಪ್ರಶ್ನೆಗಳಿಲ್ಲ, ನೀತಿಯೂ ಇಲ್ಲ. ಪಿನ್ನು ಬಿಡಿಸಿ ಮಡಚಿದರೆ ಮಗುವಿನ ಕೈಗೆ ಹಿಡಿಸುವ ಒಂದು ಪುಸ್ತಕವಾಗುತ್ತದೆ. ಓದಿ ಹೇಳಿದವರು ಮಕ್ಕಳು ಎಲ್ಲಿ ನಕ್ಕರು, ಎಲ್ಲಿ ಎದ್ದು ಹೋದರು, ಯಾವ ಪದದಲ್ಲಿ ಎಡವಿದರು ಎಂದು ಬರೆದು ಕಳಿಸಿ. ಜನವರಿ ಸಂಚಿಕೆಯ ಕಥೆಗಳನ್ನು ಆ ಪತ್ರಗಳನ್ನು ಎದುರಿಗಿಟ್ಟುಕೊಂಡೇ ಆರಿಸುತ್ತೇವೆ.